ದಿಬ್ಬ ಹತ್ತಿದ್ದು ನೀರೇ

ನಲ್ಲಿಯಲ್ಲಿ ನೀರು ಬರದ ದಿನ ಮನೆಗೆ ಮೊದಲು ಬರುವುದು ಜಗಳ. ಅತ್ತೆ ಸೊಸೆಯ ಮೇಲೆ ರೇಗುತ್ತಾಳೆ, ಸೊಸೆ ಗಂಡನ ಮೇಲೆ ರೇಗುತ್ತಾಳೆ, ಗಂಡ ಪಾಪ ಖಾಲಿ ಕೊಡವನ್ನು ಒದ್ದು ಕಾಲು ನೋಯಿಸಿಕೊಳ್ಳುತ್ತಾನೆ. ಇದು ನಿಮ್ಮ ಬೀದಿಯಲ್ಲೂ ಆಗಿರುತ್ತದೆ. ಈ ಕಥೆಯೂ ನೀರಿನಿಂದಲೇ ಶುರುವಾಗುತ್ತದೆ. ಆದರೆ ಇದು ನೀರಿನದೊಂದೇ ಕಥೆ ಅಲ್ಲ.

ಊರಿಗೆ ನೀರು ಬಿಡುತ್ತಿದ್ದವರು ಚಾವಿ ಅಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಕೂಗಿದರೆ ಅವರೇ ತಿರುಗಿ ನೋಡುತ್ತಿರಲಿಲ್ಲ. ಎದೆಯುದ್ದದ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹೊತ್ತು ಬೆಳಗಾಗೆದ್ದು ಹೊರಡುವರು. ಬೀದಿಯಲ್ಲಿರುವ ಮುಚ್ಚಳ ಎತ್ತಿ, ಗುಂಡಿಯೊಳಗೆ ಚಾವಿ ಇಳಿಸಿ ವಾಲ್ವ್ ತಿರುಗಿಸುವರು. ತಲೆಗೂದಲು ಕಪ್ಪಗಿದ್ದಾಗ ದಿನಗೂಲಿಗೆ ಸೇರಿದವರು. ಕೂದಲು ಬೆಳ್ಳಗಾದರೂ ದಿನಗೂಲಿಯವರೇ.

ಪಂಪ್‌ಹೌಸಿನಿಂದ ಬರುವ ದೊಡ್ಡ ಪೈಪು ಪೇಟೆ ಬೀದಿಯ ಹೋಟೆಲಿನ ಮುಂದೆ ಎರಡಾಗಿ ಕವಲೊಡೆಯುತ್ತಿತ್ತು. ಒಂದು ಪೇಟೆಗೆ, ಇನ್ನೊಂದು ದಿಬ್ಬದ ಬೀದಿಗೆ. ಪೇಟೆ ಸಮತಟ್ಟು ನೆಲ, ಪಂಪ್‌ಹೌಸಿಗೂ ಹತ್ತಿರ. ದಿಬ್ಬದ ಬೀದಿ ಎತ್ತರದಲ್ಲಿ, ಪೈಪಿನ ಕಟ್ಟಕಡೆಗೆ. ಎರಡೂ ವಾಲ್ವ್ ಪೂರ್ತಿ ತೆರೆದರೆ ನೀರೆಲ್ಲ ಪೇಟೆಯಲ್ಲೇ ಖರ್ಚಾಗಿ, ದಿಬ್ಬದ ನಲ್ಲಿಗಳು ಬರೀ ಗಾಳಿ ಊದುತ್ತಿದ್ದವು. ಅದಕ್ಕೇ ಚಾವಿ ಅಣ್ಣ ಪೇಟೆಯ ವಾಲ್ವನ್ನು ಅರ್ಧ ಮುಚ್ಚಿ, ದಿಬ್ಬದ್ದನ್ನು ಪೂರ್ತಿ ತೆರೆಯುತ್ತಿದ್ದರು. ಪೇಟೆಯ ತೊಟ್ಟಿಗಳು ತುಂಬುವುದು ಕೊಂಚ ತಡವಾಗುತ್ತಿತ್ತು. ತುಂಬದೆ ಉಳಿದದ್ದು ಮಾತ್ರ ಇಲ್ಲ.

"ನನ್ನ ಕೈಯಲ್ಲಿ ಯಾರಿಗೂ ಮೋಸ ಆಗಿಲ್ಲ," ಎಂದು ಚಾವಿ ಅಣ್ಣ ಎದೆ ತಟ್ಟಿ ಹೇಳುತ್ತಿದ್ದರು. ಆ ಮಾತು ನಿಜವಾಗಿತ್ತು.

ಪಂಪ್‌ಹೌಸಿನ ವಿಷಯ ಒಂದಿಷ್ಟು ಹೇಳಬೇಕು. ದಿಬ್ಬದ ಬೀದಿಯವರು ಅದರ ಹೊಸ್ತಿಲು ದಾಟಕೂಡದು ಎಂದು ಹಿಂದೊಂದು ಕಾಲದಲ್ಲಿ ಬಾಯಿಬಿಟ್ಟೇ ಹೇಳುತ್ತಿದ್ದರಂತೆ. ಈಗ ಹಾಗೆ ಯಾರೂ ಹೇಳುವುದಿಲ್ಲ. ಆದರೆ ದಾಟಿದವರೂ ಯಾರೂ ಇರಲಿಲ್ಲ. ಅದೇ ದಿಬ್ಬದ ಬೀದಿಯ ಚಾವಿ ಅಣ್ಣ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು "ಚಾವಿ" ಎನ್ನುವರು. ಒಳಗಿನಿಂದ ಆಪರೇಟರ್ ಸರಳುಗಳ ನಡುವೆ ಚಾವಿ ತೂರಿಸುವರು. ಕೆಲಸ ಮುಗಿದ ಮೇಲೆ ಅದೇ ಕಿಟಕಿಯಲ್ಲಿ ವಾಪಸು. ಪಕ್ಕದಲ್ಲೇ ಬಾಗಿಲು ಹಾರು ಹೊಡೆದಿರುತ್ತಿತ್ತು. ಆಪರೇಟರೂ ಬಾ ಎನ್ನಲಿಲ್ಲ, ಇವರೂ ಹೋಗಲಿಲ್ಲ. ಅದು ರೂಢಿಯಾಗಿ ಹೋಗಿತ್ತು.

ಚಾವಿ ಅಣ್ಣನ ಮಗಳು ಚಿಕ್ಕವಳಿದ್ದಾಗ ಅಪ್ಪನ ಹಿಂದೆಯೇ ಓಡಿ ಬಂದು, ಆ ಕಿಟಕಿಯ ಕೆಳಗೆ ತುದಿಗಾಲಲ್ಲಿ ನಿಂತು ಮೋಟಾರಿನ ಸದ್ದು ಕೇಳುತ್ತಿದ್ದಳು. "ಅಪ್ಪ, ಇವತ್ತು ಮೋಟಾರಿಗೆ ಕೆಮ್ಮು," ಎಂದು ನಗಿಸುತ್ತಿದ್ದಳು. ದೊಡ್ಡವಳಾದ ಮೇಲೆ ಮೋಟಾರಿನ ಕೆಲಸವನ್ನೇ ಓದಿದಳು. ರಜೆಯಲ್ಲಿ ರಿಪೇರಿ ಅಂಗಡಿಯಲ್ಲಿ ಕೂತು ಸುಟ್ಟ ಕಾಯಿಲ್ ಬಿಚ್ಚಿ ಹೊಸದು ಸುತ್ತಿದಳು. ದಿಬ್ಬದ ಬೀದಿಯ ಮಿಕ್ಸರುಗಳು, ಫ್ಯಾನುಗಳು, ಟೈಲರಕ್ಕನ ಹೊಲಿಗೆ ಯಂತ್ರ ಎಲ್ಲವೂ ಅವಳ ಕೈಯಲ್ಲಿ ಗುಣವಾದವು.

ಹೀಗಿರುವಾಗ ನೀರಿನ ಕಚೇರಿ ಪಂಪ್ ಆಪರೇಟರುಗಳನ್ನು ತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಹೆಚ್ಚಿನ ಹುದ್ದೆಗಳು ಎಲ್ಲರಿಗೂ. ಒಂದೆರಡು ಹುದ್ದೆ ಮಾತ್ರ, ಇಷ್ಟು ಕಾಲ ಯಾವ ಬೀದಿಗಳಿಂದ ಒಬ್ಬರನ್ನೂ ತೆಗೆದುಕೊಂಡಿಲ್ಲವೋ ಆ ಬೀದಿಯವರಿಗೆ ಮೀಸಲು. ಮಗಳು ಅರ್ಜಿ ಹಾಕಿದಳು, ಪರೀಕ್ಷೆ ಬರೆದಳು, ಮೋಟಾರು ಬಿಚ್ಚಿ ಜೋಡಿಸಿ ತೋರಿಸಿದಳು. ಮೀಸಲು ಹುದ್ದೆಗೆ ಆಯ್ಕೆಯೂ ಆದಳು. ಸೋಮವಾರ ಕೆಲಸಕ್ಕೆ ಹಾಜರಾಗಬೇಕು, ತಪ್ಪಿದರೆ ಹುದ್ದೆ ಕೈಬಿಟ್ಟಂತೆ ಎಂದು ಕಚೇರಿಯಿಂದ ತಿಳಿಸಿದರು.

ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಚಾವಿ ಅಣ್ಣನ ಹೆಂಡತಿ ಸುದ್ದಿಯನ್ನು ಇಡೀ ಬೀದಿಗೆ ಮುಟ್ಟಿಸಿಬಿಟ್ಟರು. ಹಾಲು ಉಕ್ಕಿಯೇ ಹೋಯಿತು, ಅದು ಬೇರೆ ಮಾತು.

ಚಾವಿ ಅಣ್ಣ ಅವತ್ತು ಮುಖ ಅರಳಿಸಿಕೊಂಡು ಹೋಟೆಲಿಗೆ ಟೀ ಕುಡಿಯಲು ಹೋದರು. ಹೋಟೆಲ್ ಯಜಮಾನರು ಗಲ್ಲಾದಲ್ಲಿ ಕೂತಿದ್ದರು. ಪಂಪ್‌ಹೌಸಿನ ಆಪರೇಟರ್ ಅವರಿಗೆ ಸ್ವಂತ ಭಾವ. ಆ ಭಾವನ ಮಗನೂ ಇದೇ ಪರೀಕ್ಷೆ ಬರೆದಿದ್ದ. ಅವನಿಗೆ ಕೆಲಸ ಸಿಕ್ಕಿರಲಿಲ್ಲ.

"ಏನು ಚಾವಿ, ಮಗಳಿಗೆ ಕೆಲಸ ಆಯ್ತಂತೆ?"

"ಹೌದು ಯಜಮಾನ್ರೇ. ಪಾಸಾದ್ಲು."

"ಪಾಸಾದ್ಲು ಅನ್ಬೇಡ, ಬಿಟ್ಟುಕೊಟ್ರು ಅನ್ನು. ನಮ್ಮ ಹುಡುಗನಿಗೆ ಅವಳಿಗಿಂತ ನಾಲ್ಕು ಮಾರ್ಕ್ಸ್ ಜಾಸ್ತಿ, ಗೊತ್ತಾ?" ಯಜಮಾನರು ಟೀ ಲೋಟ ಮುಂದೆ ತಳ್ಳಿದರು. "ನೀನು ನಮ್ಮ ವಾಲ್ವ್ ಮುಚ್ಚಿ ನಿಮ್ಮ ಬೀದಿಗೆ ನೀರು ಹತ್ತಿಸ್ತೀಯ. ಕಚೇರಿಯವರು ನಮ್ಮ ಹುಡುಗನ ದಾರಿ ಮುಚ್ಚಿ ನಿನ್ನ ಮಗಳನ್ನ ಹತ್ತಿಸಿದ್ರು. ಎಲ್ಲರಿಗೂ ಸಮ ಅನ್ನೋದು ಎಲ್ಲಿ ಬಂತು? ನಿಮಗೆಲ್ಲ ದಯೆ ತೋರ್ಸೋದೇ ಆಯ್ತು."

ದಯೆ ಎಂಬ ಆ ಒಂದು ಮಾತು ಚಾವಿ ಅಣ್ಣನ ಎದೆಗೆ ನಾಟಿತು. ಜೀವನದಲ್ಲಿ ಒಬ್ಬರ ಮುಂದೆ ಕೈಚಾಚಿದವರಲ್ಲ ಅವರು. ಟೀ ಅಲ್ಲೇ ಬಿಟ್ಟು ಎದ್ದರು.

ಮನೆಗೆ ಬಂದರೆ ಟೈಲರಕ್ಕ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಕೂತಿದ್ದರು. ಟೈಲರಕ್ಕ ದಿಬ್ಬದ ಬೀದಿಯ ಮಹಿಳಾ ಸಂಘದ ಮುಖ್ಯಸ್ಥೆ. ಕಚೇರಿಗಳ ನಿಯಮ ತಿಳಿದವರು, ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳಲು ನಾಚದವರು.

"ಬನ್ನಿ ಚಾವಿ ಅಣ್ಣ, ಯೂನಿಫಾರಂಗೆ ಅಳತೆ ತಗೋಳೋಣ ಅಂತ ಬಂದೆ," ಎಂದರು.

"ಅಳತೆ ಬೇಡ. ಅವಳು ಕೆಲಸಕ್ಕೆ ಹೋಗಲ್ಲ," ಎಂದರು ಚಾವಿ ಅಣ್ಣ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಸೌಟು ಹಿಡಿದೇ ಹೊರಗೆ ಬಂದರು. "ಏನ್ರೀ, ಬಿಸಿಲು ನೆತ್ತಿಗೇರಿದ್ಯಾ?"

"ಬಿಟ್ಟಿಯಾಗಿ ಸಿಕ್ಕಿದ ಕೆಲಸ ನಮಗೆ ಬೇಡ ಕಣೇ. ಇನ್ನೊಬ್ಬರ ಹುಡುಗನಿಗೆ ಮಾರ್ಕ್ಸ್ ಜಾಸ್ತಿ ಇದೆಯಂತೆ. ನಾಳೆ ಊರಲ್ಲಿ ನಾನು ತಲೆ ಎತ್ತಿ ಓಡಾಡೋದು ಬೇಡ್ವಾ?"

ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಅಳಲಿಲ್ಲ. "ಅವನಿಗೆ ಜಾಸ್ತಿ ಬಂದಿದೆ ಅಪ್ಪ, ಅದು ನಿಜ. ಆದ್ರೆ ನಾನು ಫೇಲಾಗಿ ಬಂದವಳಲ್ಲ," ಎಂದಳು.

"ಚಾವಿ ಅಣ್ಣ, ಕೂತ್ಕೊಳ್ಳಿ," ಎಂದರು ಟೈಲರಕ್ಕ. "ಮೀಸಲು ಅಂದ್ರೆ ಬಿಟ್ಟಿ ಅಂತ ಯಾರು ಹೇಳಿದ್ದು? ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಇಷ್ಟು ಮಾರ್ಕ್ಸ್ ಬರದೇ ಇದ್ರೆ ಮೀಸಲು ಸೀಟೂ ಇಲ್ಲ. ಮೋಟಾರ್ ಬಿಚ್ಚಿ ಜೋಡಿಸ್ಲೇಬೇಕು. ಸೇರಿದ ಮೇಲೂ ಆರು ತಿಂಗಳು ಕೆಲಸ ನೋಡ್ತಾರೆ. ಬರದೇ ಇದ್ರೆ ಮನೆಗೆ ಕಳಿಸ್ತಾರೆ. ಇದರಲ್ಲಿ ದಯೆ ಎಲ್ಲಿದೆ, ತೋರ್ಸಿ."

"ಆ ನಾಲ್ಕು ಮಾರ್ಕ್ಸ್?"

"ಆ ಹುಡುಗ ಪಂಪ್‌ಹೌಸಿನ ಒಳಗೇ ಆಡ್ಕೊಂಡು ಬೆಳೆದೋನು. ಅವರಪ್ಪ ತೋರಿಸ್ಕೊಟ್ಟಿದ್ದಾರೆ. ನಮ್ಮ ಹುಡುಗಿ ಕಿಟಕಿ ಆಚೆ ನಿಂತು ಕಿವಿಯಲ್ಲಿ ಕಲಿತೋಳು. ಇಬ್ಬರ ನಡುವೆ ಇರೋದು ನಾಲ್ಕೇ ಮಾರ್ಕ್ಸ್ ಅಂದ್ರೆ ನನಗಂತೂ ಹೆಮ್ಮೆ ಆಗುತ್ತೆ. ನಿಮಗೆ ಆಗಲ್ವಾ?"

ಟೈಲರಕ್ಕ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ಇನ್ನೊಂದು ಹೇಳ್ತೀನಿ. ನೀರಿನ ಕಚೇರಿಯ ನೀಲಿ ಅಂಗಿ ಹೊಲಿಯೋದು ನಾನೇ. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಹೊಲೀತಿದ್ದೀನಿ. ಆಪರೇಟರ್ ಅಳತೆ ತಗೊಂಡಿದ್ದೀನಿ, ಅವರ ತಮ್ಮನದು ತಗೊಂಡಿದ್ದೀನಿ, ಚಿಕ್ಕಪ್ಪನ ಮಗಂದು ತಗೊಂಡಿದ್ದೀನಿ. ಒಂದೇ ಹೆಗಲು, ಒಂದೇ ತೋಳು, ಹೊಟ್ಟೆ ಮಾತ್ರ ಬೇರೆ ಬೇರೆ. ನಮ್ಮ ಬೀದಿಯವರ ಅಳತೆ ಒಂದು ಸಲಾನೂ ತಗೊಂಡಿಲ್ಲ ಅಣ್ಣ. ಆಗಲೂ ಮೀಸಲು ಇತ್ತು. ಬೋರ್ಡ್ ಹಾಕಿರಲಿಲ್ಲ ಅಷ್ಟೆ."

ಹೆಂಡತಿ ಕಿಸಕ್ಕನೆ ನಕ್ಕರು. ಚಾವಿ ಅಣ್ಣನಿಗೂ ನಗು ಬಂತು, ಆದರೆ ಬಿಗುಮಾನ ಬಿಡಲಿಲ್ಲ. ಯಜಮಾನರು ಲೋಟ ತಳ್ಳಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿತ್ತು. "ನೀವು ಏನಾದ್ರೂ ಹೇಳಿ. ನನ್ನ ಮಗಳನ್ನೂ ಯಾರೂ ಕೈಹಿಡಿದು ಹತ್ತಿಸೋದು ಬೇಡ, ನಾನೂ ಯಾರನ್ನೂ ಹತ್ತಿಸಲ್ಲ. ನಾಳೆಯಿಂದ ನೀರೂ ಸಮ. ಎರಡೂ ವಾಲ್ವ್ ಪೂರ್ತಿ," ಎಂದು ಟವೆಲ್ ಕೊಡವಿ ಒಳಗೆ ಹೋದರು.

ಸಿಟ್ಟಿನಲ್ಲಿ ಆಡಿದ ಮಾತು, ಬೆಳಗಾದರೆ ಮರೆಯುತ್ತಾರೆ ಎಂದುಕೊಂಡರು ಎಲ್ಲರೂ. ಆದರೆ ಚಾವಿ ಅಣ್ಣ ಹಟ ಹಿಡಿದರೆ ಚಾವಿಗಿಂತ ಗಟ್ಟಿ. ಬೆಳಿಗ್ಗೆ ಕಿಟಕಿಯಲ್ಲಿ ಚಾವಿ ಪಡೆದು ನೇರ ಹೋಟೆಲಿನ ಮುಂದೆ ಬಂದರು. ಎರಡೂ ಮುಚ್ಚಳ ತೆಗೆದು, ಎರಡೂ ವಾಲ್ವ್ ಪೂರ್ತಿ ತೆರೆದರು. ಕೈ ಕಟ್ಟಿ ನಿಂತರು.

ಪೇಟೆಯ ನಲ್ಲಿಗಳಲ್ಲಿ ನೀರು ಧೋ ಎಂದು ಸುರಿಯಿತು. ಹೋಟೆಲಿನ ತೊಟ್ಟಿ ತುಂಬಿತು. ಪಕ್ಕದ ಅಂಗಡಿಯದೂ ತುಂಬಿತು. ತುಂಬಿದ್ದು ಉಕ್ಕಿ ಮೆಟ್ಟಿಲಿಳಿದು ಚರಂಡಿಗೆ ಸೇರಿತು. ಯಜಮಾನರು ಹೊರಗೆ ಬಂದು, "ನೋಡು ಚಾವಿ, ಈಗ ನ್ಯಾಯ ಅಂದ್ರೆ ನ್ಯಾಯ," ಎಂದು ಹಲ್ಲು ಕಿರಿದರು.

ಚಾವಿ ಅಣ್ಣ ಚರಂಡಿಯ ನೀರನ್ನೇ ನೋಡುತ್ತಿದ್ದರು. ಅವರ ಕೈಯಲ್ಲಿ ಯಾವತ್ತೂ ನೀರು ಹೀಗೆ ಪೋಲಾಗಿರಲಿಲ್ಲ.

ಅಷ್ಟರಲ್ಲಿ ದಿಬ್ಬದ ಇಳಿಜಾರಿನಲ್ಲಿ ಕೊಡಗಳ ಸದ್ದು ಕೇಳಿತು. ದಿಬ್ಬದ ಬೀದಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಇಳಿದು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಸ್ವಂತ ಹೆಂಡತಿ. ಹಿಂದೆ ಟೈಲರಕ್ಕ, ಮಗಳು.

"ಏನ್ರೀ, ಮೋಟಾರ್ ಕೆಟ್ಟಿದ್ಯಾ?"

"ಇಲ್ಲ."

"ಪೈಪ್ ಒಡೆದಿದ್ಯಾ?"

"ಇಲ್ಲ ಕಣೇ. ಎರಡನ್ನೂ ಪೂರ್ತಿ ಬಿಟ್ಟಿದ್ದೀನಿ. ಸಮವಾಗಿ."

ಹೆಂಡತಿ ತಮ್ಮ ಕೊಡವನ್ನು ತಲೆಕೆಳಗು ಮಾಡಿ ಹಿಡಿದರು. ಒಂದು ಹನಿ ಬೀಳಲಿಲ್ಲ. ಆಮೇಲೆ ಚರಂಡಿಯಲ್ಲಿ ಹರಿಯುತ್ತಿದ್ದ ನೀರನ್ನು ತೋರಿಸಿದರು. "ಇದೇನಾ ನಿಮ್ಮ ಸಮ? ಅಲ್ಲಿ ಉಕ್ಕಿ ಹರೀತಿದೆ, ಇಲ್ಲಿ ಕುಡಿಯೋಕಿಲ್ಲ. ಇಷ್ಟು ವರ್ಷ ನೀವು ಅರ್ಧ ಮುಚ್ತಿದ್ರಲ್ಲ, ಆವಾಗ ಮಾಡ್ತಿದ್ದಿದ್ದು ಮೋಸಾನಾ?"

ಮೋಸ ಎಂದ ಕೂಡಲೇ ಚಾವಿ ಅಣ್ಣ ಕೆರಳಿದರು. "ಯಾರು ಹೇಳಿದ್ದು ಮೋಸ ಅಂತ? ದಿಬ್ಬ ಎತ್ತರದಲ್ಲಿದೆ, ದೂರ ಇದೆ! ಕೆಳಗೆ ಸ್ವಲ್ಪ ಹಿಡಿದ್ರೇನೇ ಮೇಲಕ್ಕೆ ದಾರಿ ಸಿಗೋದು! ಎಲ್ಲರಿಗೂ ನೀರು ಸಿಗ್ಲಿ ಅಂತಾನೇ ಅರ್ಧ ಮುಚ್ತಿದ್ದಿದ್ದು! ಅದು ದಯೆ ಅಲ್ಲ, ಅದೇ ಸರಿಯಾದ..."

ಮಾತು ಅಲ್ಲಿಗೇ ನಿಂತಿತು. ತಾವು ಏನು ಹೇಳುತ್ತಿದ್ದೇವೆ ಎಂಬುದು ಅವರ ಕಿವಿಗೇ ಬಿದ್ದಿತ್ತು. ಟೈಲರಕ್ಕ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಗು ಅಡಗಿಸಿಕೊಂಡರು.

ಮಗಳು ಮುಂದೆ ಬಂದಳು. "ಅಪ್ಪ, ಚಾವಿ ಕೊಡ್ತೀರಾ?"

ಅವರು ಕೊಟ್ಟರು. ಮಗಳು ಪೇಟೆಯ ಗುಂಡಿಗೆ ಚಾವಿ ಇಳಿಸಿ, ಎರಡೂ ಕೈಯಿಂದ ಹಿಡಿ ಹಿಡಿದು ತಿರುಗಿಸತೊಡಗಿದಳು. ಜೋರಾಗಿ ಅಲ್ಲ, ಪೈಪಿನ ಸದ್ದು ಕೇಳಿಕೊಂಡು, ನಿಧಾನವಾಗಿ. ಅರ್ಧಕ್ಕೆ ಬಂದಾಗ ನಿಲ್ಲಿಸಿದಳು. ಚಾವಿ ಅಣ್ಣನಾದರೂ ಅಲ್ಲೇ ನಿಲ್ಲಿಸುತ್ತಿದ್ದರು. ಹೋಟೆಲಿನ ನಲ್ಲಿ ಸಣ್ಣಗಾಯಿತು, ಆದರೆ ನಿಲ್ಲಲಿಲ್ಲ. ಎಲ್ಲರೂ ಸುಮ್ಮನೆ ದಿಬ್ಬದ ಕಡೆ ಕಿವಿಗೊಟ್ಟು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಮೇಲಿನಿಂದ ಮನೆಯಲ್ಲೇ ಉಳಿದಿದ್ದ ಅಜ್ಜಿಯೊಬ್ಬರ ಕೂಗು ಕೇಳಿತು. "ಬಂತು ಕಣ್ರೇ! ನೀರು ಬಂತು!"

ಮಗಳು ಹಣೆಯ ಬೆವರು ಒರೆಸಿಕೊಂಡಳು. "ನೀವು ಇಷ್ಟು ವರ್ಷ ನೀರನ್ನ ಹೊತ್ಕೊಂಡು ಹೋಗಿ ದಿಬ್ಬದ ಮೇಲೆ ಸುರಿದಿದ್ದೀರಾ ಅಪ್ಪ?"

"ಇಲ್ಲ ಮಗಳೇ."

"ವಾಲ್ವ್ ತಿರುಗಿಸಿದ್ರಿ, ದಾರಿ ಮಾಡಿದ್ರಿ. ದಿಬ್ಬ ಹತ್ತಿದ್ದು ನೀರೇ. ನಾನೂ ಹಾಗೇ ಅಪ್ಪ. ಕಚೇರಿಯವರು ದಾರಿ ಮಾಡಿದ್ರು. ಓದಿದ್ದು ನಾನೇ, ಪಾಸಾಗಿದ್ದು ನಾನೇ. ನನ್ನನ್ನ ಯಾರೂ ಹೊತ್ಕೊಂಡು ಹೋಗಿಲ್ಲ."

ಇಂಥ ಮಗಳನ್ನು ಮನೆಯಲ್ಲಿ ಕೂರಿಸಲು ಹೊರಟಿದ್ದೆನಲ್ಲ ಎಂದು ಚಾವಿ ಅಣ್ಣನಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟಿಗಿಂತ ದೊಡ್ಡದಾಗಿ ಹೆಮ್ಮೆ ಬಂತು.

ಯಜಮಾನರು ಮಾತ್ರ ಬಿಡಲಿಲ್ಲ. "ನೀರಿನ ಮಾತು ಬಿಡಿ. ನಮ್ಮ ಹುಡುಗ ಏನು ತಪ್ಪು ಮಾಡಿದ್ದ? ಅವನೂ ಕಷ್ಟಪಟ್ಟು ಓದಿದ್ದ."

"ತಪ್ಪೇನೂ ಮಾಡಿಲ್ಲ," ಎಂದರು ಟೈಲರಕ್ಕ. ಈಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಅವನಿಗೆ ಬೇಜಾರಾಗಿದೆ. ಆ ಬೇಜಾರು ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಎಲ್ಲರಿಗೂ ಅಂತ ಇದ್ದ ಹುದ್ದೆಗಳೇ ಜಾಸ್ತಿ ಇದ್ವು. ಅಲ್ಲಿ ಅವನಿಗಿಂತ ಮುಂದೆ ಹೋದೋರು ಬೇಕಾದಷ್ಟು ಜನ ಇದ್ದಾರೆ. ಅವರನ್ನೆಲ್ಲ ಬಿಟ್ಟು ನಮ್ಮ ಹುಡುಗಿ ಒಬ್ಬಳೇ ಕಣ್ಣಿಗೆ ಬಿದ್ಲಾ? ಮುಂದಿನ ಸಲ ಅವನು ಬರೀಲಿ, ಅವನ ಅಂಗೀನೂ ನಾನೇ ಹೊಲೀತೀನಿ. ನಿಮ್ಮ ನಲ್ಲೀಲಿ ನೀರು ನಿಂತಿಲ್ಲ ಯಜಮಾನ್ರೇ. ಬೆಳಿಗ್ಗೆ ಉಕ್ಕಿ ಹರೀತಿತ್ತು, ಈಗ ಸಣ್ಣಗೆ ಬರ್ತಿದೆ."

ಯಜಮಾನರು ಗೊಣಗಿಕೊಂಡು ಒಳಗೆ ಹೋದರು. ಒಪ್ಪಿದರು ಎಂದು ಹೇಳಿದರೆ ಸುಳ್ಳಾದೀತು. ಆದರೆ ಚಾವಿ ಅಣ್ಣನಿಗೆ ಅವರ ಒಪ್ಪಿಗೆಯ ಅಗತ್ಯ ಈಗ ಇರಲಿಲ್ಲ.

"ಟೈಲರಕ್ಕ, ಟೇಪ್ ತಂದಿದ್ದೀರಾ?" ಎಂದರು.

"ಕೊರಳಲ್ಲೇ ಇದೆಯಲ್ಲ ಅಣ್ಣ!"

ನಡುಬೀದಿಯಲ್ಲಿ, ಖಾಲಿ ಕೊಡಗಳ ಮಧ್ಯೆಯೇ ಮಗಳ ಅಳತೆ ಆಯಿತು. ತೋಳು, ಹೆಗಲು, ಉದ್ದ. ಆಪರೇಟರ್ ಅಂಗಿಗೆ ಹೆಣ್ಣುಮಕ್ಕಳ ಮಾದರಿಯೇ ಇರಲಿಲ್ಲ. ಟೈಲರಕ್ಕ ಹೊಸದಾಗಿ ಕತ್ತರಿಸಿದರು. ಅದನ್ನು ಹೊಲಿಯುವಾಗ ಯಂತ್ರದ ಸದ್ದಿನ ಜೊತೆ ಅವರ ಹಾಡೂ ಕೇಳುತ್ತಿತ್ತು ಎಂದು ಪಕ್ಕದ ಮನೆಯವರು ಹೇಳುತ್ತಾರೆ.

ಸೋಮವಾರ ಮಗಳು ನೀಲಿ ಅಂಗಿ ತೊಟ್ಟು ಮೊದಲೇ ಹೊರಟಳು. ಚಾವಿ ಅಣ್ಣ ಎಂದಿನಂತೆ ಹೋಟೆಲಿನ ಮುಂದೆ ಹಾದು ಹೋಗುವಾಗ ಯಾರೋ ಕೇಳಿದರು, "ಮಗಳು ಮೀಸಲು ಸೀಟಲ್ಲಿ ಸೇರಿದ್ದಂತೆ?"

ಚಾವಿ ಅಣ್ಣ ನಿಂತರು. ತಲೆ ತಗ್ಗಿಸಲಿಲ್ಲ. "ಹೌದು, ಮೀಸಲು ಸೀಟಲ್ಲೇ ಸೇರಿದ್ದು. ಪಾಸಾಗಿ ಸೇರಿದ್ದು. ಹೇಳೋದಾದ್ರೆ ಎರಡೂ ಹೇಳಿ, ಒಂದೇ ಹೇಳ್ಬೇಡಿ," ಎಂದು ಮುಂದೆ ನಡೆದರು.

ಪಂಪ್‌ಹೌಸಿಗೆ ಬಂದು, ಕಾಲು ಎಳೆದ ಕಡೆಗೇ ಹೋಗಿ ಕಿಟಕಿಯ ಹತ್ತಿರ ನಿಂತರು. "ಚಾವಿ," ಎಂದರು.

ಒಳಗೆ ಹಳೆಯ ಆಪರೇಟರ್ ಚಾವಿ ಎತ್ತಿಕೊಂಡು ಕಿಟಕಿಯ ಕಡೆ ಹೆಜ್ಜೆ ಹಾಕಿದರು. ಮೋಟಾರಿನ ಪಕ್ಕದಲ್ಲಿದ್ದ ಮಗಳು, "ಸರ್, ಇಲ್ಲಿ ಕೊಡಿ," ಎಂದು ಅದನ್ನು ತೆಗೆದುಕೊಂಡಳು. ಕಿಟಕಿಯ ಹತ್ತಿರ ಬರಲಿಲ್ಲ. ಬಾಗಿಲ ಹತ್ತಿರ ಹೋಗಿ ನಿಂತಳು.

"ಅಪ್ಪ, ಬಾಗಿಲು ತೆರೆದೇ ಇದೆ. ಒಳಗೆ ಬನ್ನಿ."

ಚಾವಿ ಅಣ್ಣ ಆಪರೇಟರ್ ಮುಖ ನೋಡಿದರು. ಆಪರೇಟರ್ ತಾವು ಕೂರುತ್ತಿದ್ದ ಸ್ಟೂಲನ್ನು ಕಾಲಿನಿಂದ ಸ್ವಲ್ಪ ಈಚೆ ಸರಿಸಿದರು. ಅಷ್ಟೇ ಸಾಕಾಯಿತು. ಚಾವಿ ಅಣ್ಣ ಚಪ್ಪಲಿ ಬಿಡಲು ಹೋದರು. "ಬೇಡ ಅಪ್ಪ, ಇದು ಕೆಲಸ ಮಾಡೋ ಜಾಗ. ಹಾಗೇ ಬನ್ನಿ," ಎಂದಳು ಮಗಳು. ಅವರು ಹೊಸ್ತಿಲು ದಾಟಿದರು. ಮಗಳು ಚಾವಿಯನ್ನು ಅವರ ಕೈಗಿಟ್ಟು ಮೋಟಾರಿನ ಪಕ್ಕಕ್ಕೆ ಹೋದಳು. ಇಷ್ಟು ವರ್ಷ ಸದ್ದು ಮಾತ್ರ ಕೇಳಿದ್ದ ಮೋಟಾರನ್ನು ಮೊದಲ ಸಲ ಕಣ್ಣಾರೆ ನೋಡಿದರು. ಅದರ ಮೇಲೆ ಮಗಳ ಕೈ ಇತ್ತು.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದೂ ಹೀಗೆ ಪೈಪಿನ ಕೊನೆಯ ಬೀದಿಯೇ? ಮೀಸಲು ಹುದ್ದೆ ಇದೆ ಎಂದು ಗೊತ್ತಾದರೆ ಅರ್ಜಿ ಹಾಕಿ, ಓದಿ, ಹೋಗಿ ಸೇರಿ. ಅದನ್ನು ಮುಚ್ಚಿಡಬೇಡಿ, ಎದೆಯೆತ್ತಿ ಹೇಳಿ. ನಿಮ್ಮದು ಮೊದಲಿನಿಂದಲೂ ನೀರು ಬರುವ ಬೀದಿಯಾದರೆ, ಹೊಸದಾಗಿ ಬಂದವರನ್ನು ಹೇಗೆ ಬಂದಿರಿ ಎಂದು ಕೆದಕಬೇಡಿ, ಕೆಲಸ ಹೇಗೆ ಮಾಡುತ್ತಾರೆ ನೋಡಿ. ನೀವು ಕೆಲಸ ಮಾಡುವ ಜಾಗದಲ್ಲಿ ಯಾರು ಇನ್ನೂ ಕಿಟಕಿಯ ಆಚೆಯೇ ನಿಂತಿದ್ದಾರೆ ಎಂದು ಇವತ್ತೇ ಒಮ್ಮೆ ನೋಡಿ. ಕಂಡರೆ ಬಾಗಿಲ ಹತ್ತಿರ ಹೋಗಿ ಒಳಗೆ ಕರೆಯಿರಿ.